ಬಾಲದ ಕಡೆಯ ಸಹಿ

ಫೆಬ್ರವರಿ 10

ರೆಸ್ಪೆಕ್ಟೆಡ್ ಸರ್,

ಜನವರಿ ತಿಂಗಳ ಆರು ಕಾರ್ಡುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಆರು ಶಾರ್ಕು, ಗುರುತಿನ ನಂಬರಿರುವ ಆರು ಟ್ಯಾಗು, ಒಂದಕ್ಕೂ ಗಾಯವಿಲ್ಲ. ಬಿಟ್ಟ ಕೂಡಲೇ ಆರೂ ಹಿಂತಿರುಗಿ ನೋಡದೆ ಹೋದವು. ಕೃತಜ್ಞತೆ ಅನ್ನುವುದು ಆ ಜಾತಿಗೆ ಗೊತ್ತಿಲ್ಲ; ಅದನ್ನು ನಂಬಿಕೊಂಡು ನಾವು ಈ ಕೆಲಸಕ್ಕೆ ಇಳಿದವರೂ ಅಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಬಳಿ ಎರಡೇ ಟ್ಯಾಗು ಉಳಿದಿವೆ. ಏಪ್ರಿಲ್ ಹೊತ್ತಿಗೆ ಎಳೇ ಶಾರ್ಕುಗಳು ನಮ್ಮ ಕೊಲ್ಲಿಯೊಳಗೆ ಬರುತ್ತವೆ. ಆಗ ಟ್ಯಾಗಿಲ್ಲದೆ ಗಾಳ ಹಿಡಿದು ಕೂತರೆ ಮದುವೆ ಮನೆಗೆ ಬರಿಗೈಯಲ್ಲಿ ಹೋದ ಹಾಗಾಗುತ್ತದೆ. ಆದ್ದರಿಂದ ಐ ಬೆಗ್ ಟು ರಿಕ್ವೆಸ್ಟ್, ಇಪ್ಪತ್ತೈದು ಟ್ಯಾಗು, ಅವನ್ನು ಚುಚ್ಚುವ ಎರಡು ಸೂಜಿ, ಐವತ್ತು ಖಾಲಿ ಕಾರ್ಡು. ಕಾಲೇಜಿನಲ್ಲಿ ಲೆಟರ್ ರೈಟಿಂಗಿಗೆ ನನಗೆ ಹತ್ತಕ್ಕೆ ಏಳು ಬರುತ್ತಿತ್ತು. ಆಮೇಲೆ ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿ ಭಾಷೆಗೆಲ್ಲ ಗ್ರೀಸ್ ಮೆತ್ತಿಕೊಂಡಿದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾಲ್ಕನೇ ಕಾರ್ಡಿನ ಶಾರ್ಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೂರ ಮೂವತ್ತು ಸೆಂಟಿಮೀಟರ್. ಗಾಳ ಕಚ್ಚಿ ದೋಣಿಯನ್ನು ಮೂರು ಸುತ್ತು ತಿರುಗಿಸಿತು. ಮೇಲೆ ತಂದು, ಕಣ್ಣಿಗೆ ಒದ್ದೆ ಬಟ್ಟೆ ಹಾಕಿ, ಬಾಯಿಗೆ ನೀರಿನ ಪೈಪು ಕೊಟ್ಟ ಮೇಲೆ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮ್ಯಾನೇಜರ್ ಥರ ಗಪ್‌ಚಿಪ್ಪಾಯಿತು. ಎರಡೂವರೆ ನಿಮಿಷದಲ್ಲಿ ಅಳತೆ, ಟ್ಯಾಗು, ಬಿಡುಗಡೆ. ಇದೇ ಕೆಲಸವನ್ನು ಇದಕ್ಕಿಂತ ಬೇಗ ಮಾಡುವವರು ನಿಮ್ಮ ಪಟ್ಟಿಯಲ್ಲಿ ಯಾರಾದರೂ ಇದ್ದರೆ ತಿಳಿಸಿ, ಹೋಗಿ ಕೈ ಕುಲುಕಿ ಬರುತ್ತೇನೆ.

ಕಾರ್ಡಿನಲ್ಲಿ ಎರಡೂ ಸಹಿ ಇವೆ, ತಲೆ ಕಡೆ ಹಿಡಿಯುವವರದು, ಬಾಲದ ಕಡೆ ಅಳೆಯುವವರದು. ನೋಡಿಕೊಳ್ಳಿ.

ಇತಿ ನಿಮ್ಮ
ನಿವೃತ್ತ ಲಿಫ್ಟ್ ಮೆಕ್ಯಾನಿಕ್, ಹಾಲಿ ಗಾಳದವನು

*

ಫೆಬ್ರವರಿ 24

ಮಾನ್ಯರೇ,

ಕಾರ್ಡುಗಳು ಬಂದು ತಲುಪಿದವು. ನೀವು ‘ಸರ್’ ಎಂದು ಬರೆಯುತ್ತಿದ್ದ ಹಿರಿಯರು ನಿವೃತ್ತರಾಗಿ ನಾಲ್ಕು ತಿಂಗಳಾಯಿತು. ಶಾರ್ಕು ಟ್ಯಾಗ್ ಯೋಜನೆಯ ದಾಖಲೆ ವಿಭಾಗಕ್ಕೆ ಈಗ ಬಂದಿರುವವಳು ನಾನು. ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಹದಿನಾರು ವರ್ಷದ ನಿಮ್ಮ ನಾನೂರ ಮೂವತ್ತೇಳು ಕಾರ್ಡುಗಳನ್ನು ಕಳೆದ ತಿಂಗಳೇ ಏರಿಸಿದೆ, ಈ ಆರನ್ನೂ ಸೇರಿಸಿದರೆ ನಾನೂರ ನಲವತ್ಮೂರು. ಆ ಕೊಲ್ಲಿಯಿಂದ ಇಷ್ಟು ವರ್ಷ ಬಿಡದೆ ಕಾರ್ಡು ಕಳಿಸಿದವರು ಬೇರೆ ಯಾರೂ ಇಲ್ಲ.

ಒಂದು ಸಣ್ಣ ತೊಡಕು ಕಂಡಿದೆ, ತಪ್ಪು ತಿಳಿಯಬೇಡಿ. ನೀವು ಟ್ಯಾಗ್ ಹಾಕಿದ ಮೂರು ಶಾರ್ಕುಗಳು ಇತ್ತೀಚೆಗೆ ಬೇರೆ ಊರಿನ ಗಾಳಗಾರರಿಗೆ ಸಿಕ್ಕಿವೆ. ಒಂದನ್ನು ನೀವು ಅಳೆದಾಗ 127 ಸೆಂಟಿಮೀಟರ್ ಇತ್ತು. ಹದಿನಾಲ್ಕು ತಿಂಗಳ ನಂತರ 124. ಉಳಿದ ಎರಡೂ ಹೀಗೆಯೇ, ಎರಡು ಮೂರು ಸೆಂಟಿಮೀಟರ್ ಕುಗ್ಗಿವೆ. ಶಾರ್ಕು ಬೆಳೆಯುತ್ತದೆ, ಕುಗ್ಗುವುದಿಲ್ಲ. ಹಳೆಯ ಕಾರ್ಡುಗಳ ಶಾರ್ಕುಗಳೂ ಹೀಗೆ ಮತ್ತೆ ಸಿಕ್ಕಿದ್ದಿವೆ, ಅವೆಲ್ಲ ಸರಿಯಾಗಿ ಬೆಳೆದಿವೆ. ಕುಗ್ಗಿದವು ಮೂರೂ ಈ ಎರಡು ವರ್ಷದೊಳಗಿನವು. ಆದರೆ ಮೂರೇ ಮೀನಿನಿಂದ ಏನನ್ನೂ ತೀರ್ಮಾನಿಸಲಾಗದು.

ಎರಡು ವರ್ಷದ ಹಿಂದೆ ಏನಾದರೂ ಬದಲಾಯಿತೇ? ಟೇಪು, ದೋಣಿ, ಏನಾದರೂ? ನೀವು ಅಳತೆ ಮಾಡುವ ರೀತಿಯನ್ನು ವಿವರವಾಗಿ ಬರೆದು ಕಳಿಸಿದರೆ ಉಪಕಾರವಾಗುತ್ತದೆ. ಟ್ಯಾಗುಗಳನ್ನು ಅದಾದ ಮೇಲೆ ಕಳಿಸುತ್ತೇನೆ.

ಇನ್ನೊಂದು ವಿಷಯ. ಬಾಲದ ಕಡೆ ಸಹಿ ಮಾಡುವ ನಿಮ್ಮ ಮನೆಯವರು ಕಾರ್ಡಿನ ಹಿಂಬದಿ ಒಂದೊಂದು ಸಾಲು ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ, ನಾನು ಸುಮ್ಮನೆ ಓದುತ್ತಿದ್ದೆ. ಈಗೀಗ ಬರೆಯುತ್ತಿಲ್ಲ. ದಯವಿಟ್ಟು ಮತ್ತೆ ಶುರು ಮಾಡಲು ಹೇಳಿ. ಅವರಿಗೆ ನನ್ನ ನಮಸ್ಕಾರ.

ವಿಶ್ವಾಸದಿಂದ,
ದಾಖಲೆ ವಿಭಾಗ

*

ಮಾರ್ಚ್ 5

ರೆಸ್ಪೆಕ್ಟೆಡ್ ಮೇಡಂ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಓದಿದೆ, ಚಹಾ ಕುಡಿದೆ, ಮತ್ತೊಮ್ಮೆ ಓದಿದೆ. ಮೊದಲ ಸಲ ಬಂದ ಸಿಟ್ಟು ಎರಡನೇ ಸಲಕ್ಕೆ ನಗುವಾಯಿತು. ಶಾರ್ಕು ಕುಗ್ಗುವುದಿಲ್ಲ ಅಂತ ನಿಮಗೆ ಹೇಳಿದವರಾರು? ನಾನೇ ರಿಟೈರಾದ ಮೇಲೆ ಒಂದಿಂಚು ಕುಗ್ಗಿದ್ದೇನೆ. ಅಡುಗೆಮನೆಯ ಮೇಲಿನ ಕಪಾಟು ಮೊದಲು ಕೈಗೆ ಸಿಗುತ್ತಿತ್ತು, ಈಗ ಸ್ಟೂಲ್ ಬೇಕು.

ಇರಲಿ, ಕೇಳಿದ್ದೀರಿ, ಹೇಳುತ್ತೇನೆ. ಬರೆದಿಟ್ಟುಕೊಳ್ಳಿ, ಹೊಸಬರಿಗೆ ಪಾಠಕ್ಕಾಗುತ್ತದೆ. ದೋಣಿಯ ತಳದಲ್ಲಿ ಅಗಲದ ಹಲಗೆ, ಅದಕ್ಕೆ ನೀರು ಚಿಮುಕಿಸಬೇಕು. ಮೀನನ್ನು ಅದರ ಮೇಲೆ ಮಲಗಿಸಬೇಕು. ತಲೆ ಕಡೆ ಮೊಣಕಾಲೂರಿ ದವಡೆಯ ಹಿಂದೆ ಗಟ್ಟಿಯಾಗಿ ಹಿಡಿಯುವುದು, ಕೊಕ್ಕೆ ಬಿಡಿಸುವುದು, ಇವೆಲ್ಲ ಮುಖ್ಯ ಕೆಲಸ, ನನ್ನದು. ಟೇಪಿನ ತುದಿಯನ್ನು ಮೂಗಿನ ತುದಿಗೆ ಒತ್ತಿ, ಬೆನ್ನಿನ ಮೇಲೆ ನೀಟಾಗಿ ಎಳೆದುಕೊಂಡು ಹೋಗಿ ಬಾಲದ ತುದಿಗೆ ಮುಟ್ಟಿಸುವುದು. ಬೆನ್ನಿನ ರೆಕ್ಕೆ ಅಡ್ಡ ಬಂದರೆ ಅದರ ಪಕ್ಕದಲ್ಲೇ. ಟೇಪು ಮೈಗೆ ಅಂಟಿಕೊಂಡಿರಬೇಕು, ಸಡಿಲ ಬಿಡಬಾರದು. ಅಷ್ಟೇ. ಹದಿನಾರು ವರ್ಷದಿಂದ ಹೀಗೇ. ಅದೇ ದೋಣಿ, ಅದೇ ಹಲಗೆ, ಅದೇ ಟೇಪು. ಟೇಪು ನನ್ನ ಭಾಮೈದನ ಟೈಲರಿಂಗ್ ಅಂಗಡಿಯದು, ಎಣ್ಣೆಬಟ್ಟೆಯ ಗಟ್ಟಿ ಟೇಪು, ಕೂದಲೆಳೆಯಷ್ಟೂ ಹಿಗ್ಗಿಲ್ಲ, ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನಿನ್ನೆ ತಾನೇ ಪರೀಕ್ಷೆ ಮಾಡಿದೆ. ಏನೂ ಬದಲಾಗಿಲ್ಲ. ಐ ರಿಪೀಟ್, ನಥಿಂಗ್ ಚೇಂಜ್ಡ್.

ಆದ್ದರಿಂದ ತಪ್ಪು ಆ ಮೂವರು ಗಾಳಗಾರರದು. ಅವರಲ್ಲಿ ಒಬ್ಬನಾದರೂ ಶಾರ್ಕಿನ ಹಲ್ಲಿಗೆ ಹೆದರಿ ದೂರದಿಂದ ಕಣ್ಣಳತೆ ಹಾಕಿರುತ್ತಾನೆ, ಬೇಕಾದರೆ ವಿಚಾರಿಸಿ. ಹೆನ್ಸ್ ಪ್ರೂವ್ಡ್.

ಹಿಂಬದಿಯ ಬರಹದ ವಿಚಾರ. ಅವಳು ಅಲ್ಲಿ ಏನು ಬರೆಯುತ್ತಿದ್ದಳೋ ನನಗೆ ಗೊತ್ತಿಲ್ಲ. ಮುಂಭಾಗ ನನ್ನ ಜವಾಬ್ದಾರಿ, ಲಕೋಟೆಗೆ ಹಾಕಿ ಅಂಟಿಸುವುದು ಅವಳದು. ಈಗ ಅವಳಿಗೆ ಬರೆಯಲು ಆಗುವುದಿಲ್ಲ. ನಮಸ್ಕಾರ ತಿಳಿಸಿದ್ದೇನೆ.

ಟ್ಯಾಗುಗಳನ್ನು ಬೇಗ ಕಳಿಸಿ. ಮರಿಗಳು ನಿಮ್ಮ ಕಂಪ್ಯೂಟರಿಗಾಗಿ ಕಾಯುವುದಿಲ್ಲ.

ಇತಿ,
ಗಾಳದವನು

*

ಮಾರ್ಚ್ 20

ಮಾನ್ಯರೇ,

ಇಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ಧನ್ಯವಾದ. ಇದಕ್ಕೆ ಉತ್ತರ ಬರೆಯಲು ನನಗೆ ಹತ್ತು ದಿನ ಬೇಕಾಯಿತು.

ನಿಯಮದ ಪ್ರಕಾರ ಶಾರ್ಕನ್ನು ನೇರ ಗೆರೆಯಲ್ಲಿ ಅಳೆಯಬೇಕು. ಮೈಮೇಲೆ ಟೇಪು ಎಳೆದರೆ ಬೆನ್ನಿನ ಉಬ್ಬೂ ಅಳತೆಗೆ ಸೇರಿಬಿಡುತ್ತದೆ. ಮೀನಿದ್ದದ್ದಕ್ಕಿಂತ ಐದಾರು ಸೆಂಟಿಮೀಟರ್ ಹೆಚ್ಚು ಬರುತ್ತದೆ. ನಿಮ್ಮ ಮೂರು ಶಾರ್ಕುಗಳು ಕುಗ್ಗಲಿಲ್ಲ. ಮೊದಲೇ ಉದ್ದ ಬರೆಯಲಾಗಿತ್ತು.

ಹಾಗಿದ್ದರೆ ಹಳೆಯ ಶಾರ್ಕುಗಳು ಸರಿಯಾಗಿ ಬೆಳೆದದ್ದು ಹೇಗೆಂದು ನನಗೆ ತಿಳಿಯದು, ಆದರೆ ಹದಿನಾರು ವರ್ಷದಿಂದಲೂ ಹೀಗೇ ಅಳೆದದ್ದು ಎಂದು ನೀವೇ ಬರೆದಿದ್ದೀರಿ. ಪತ್ರವನ್ನು ಸಮಿತಿಯ ಮುಂದೆ ಇಡಲೇಬೇಕಾಯಿತು. ಏಪ್ರಿಲ್ 30ರ ಸಭೆಯಲ್ಲಿ ನಿಮ್ಮ ನಾನೂರ ನಲವತ್ಮೂರು ಕಾರ್ಡುಗಳನ್ನೂ ಉದ್ದದ ಪಟ್ಟಿಯಿಂದ ತೆಗೆದುಹಾಕಲಿದ್ದಾರೆ. ಅದರ ಪರಿಣಾಮವನ್ನೂ ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ಕೊಲ್ಲಿಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಬಲೆ ಹಾಕದಂತೆ ತಡೆ ಇದೆಯಲ್ಲ, ಅಲ್ಲಿ ಸಿಗುವವು ಇನ್ನೂ ಬಲಿಯದ ಎಳೇ ಶಾರ್ಕುಗಳು ಎಂಬುದೇ ಅದಕ್ಕೆ ಆಧಾರ. ಎಳೆಯವೋ ಬಲಿತವೋ ಎಂದು ತಿಳಿಯುವುದು ಉದ್ದದಿಂದ. ಆ ಉದ್ದಗಳು ನಿಮ್ಮ ಕಾರ್ಡಿನವು. ಅದೇ ಸಭೆಯಲ್ಲಿ ಆ ತಡೆಯನ್ನು ಮುಂದುವರಿಸಬೇಕೋ ಬೇಡವೋ ಎಂಬುದೂ ಚರ್ಚೆಗಿದೆ.

ನಿಮ್ಮ ಮೇಲೆ ಯಾರ ದೂರೂ ಇಲ್ಲ. ನೇರ ಗೆರೆಯ ವಿಷಯವನ್ನು ಯಾರೂ ನಿಮಗೆ ಸರಿಯಾಗಿ ತಿಳಿಸಿರಲಿಕ್ಕಿಲ್ಲ. ನಿಮ್ಮ ಮನೆಯವರಿಗೆ ದಯವಿಟ್ಟು ಮೆತ್ತಗೆ ಹೇಳಿ. ಬಾಲದ ಕಡೆಯವರು ಅವರೇ ಆದ್ದರಿಂದ ತಪ್ಪು ತಮ್ಮದೆಂದು ನೊಂದುಕೊಂಡಾರು.

ದಾಖಲೆ ವಿಭಾಗ

*

ಏಪ್ರಿಲ್ 8

ಮಾನ್ಯರೇ,

ನನ್ನ ಮಾರ್ಚ್ 20ರ ಪತ್ರಕ್ಕೆ ಉತ್ತರ ಬಂದಿಲ್ಲ. ಆರೋಗ್ಯವಾಗಿದ್ದೀರಿ ತಾನೆ? ಸಭೆಗೆ ಮೊದಲು ಹೇಳುವುದೇನಾದರೂ ಇದ್ದರೆ 25ನೇ ತಾರೀಕಿನೊಳಗೆ ತಲುಪುವಂತೆ ಬರೆಯಿರಿ. ಬೈದು ಬರೆದರೂ ಪರವಾಗಿಲ್ಲ.

ದಾಖಲೆ ವಿಭಾಗ

*

ಏಪ್ರಿಲ್ 17

ಮೇಡಂ,

ಬೈದು ಮೂರು ಪತ್ರ ಬರೆದೆ. ಮೂರನ್ನೂ ಹರಿದೆ. ಇದು ನಾಲ್ಕನೆಯದು, ಇದರಲ್ಲಿ ಬೈಗುಳ ಇಲ್ಲ, ಇದ್ದರೂ ನನಗೇ.

ನಿಮ್ಮ ಮಾರ್ಚಿನ ಪತ್ರ ಬಂದ ಮೇಲೆ ನನ್ನ ಪರವಾಗಿ ಮಾತಾಡಲು ಒಬ್ಬ ಸಾಕ್ಷಿ ಬೇಕು ಅನ್ನಿಸಿತು. ಟೇಪು, ಅಳತೆ ಅಂದರೆ ತಿಳಿದವನು ಊರಲ್ಲಿ ಒಬ್ಬನೇ, ನನ್ನ ಹೆಂಡತಿಯ ತಮ್ಮ, ಟೈಲರ್. ಅವನ ಅಂಗಡಿಗೆ ನಾನು ಎರಡು ವರ್ಷದಿಂದ ಕಾಲಿಟ್ಟಿರಲಿಲ್ಲ. ಜಗಳವೇನಿಲ್ಲ. ಅವನ ಮೂಗು ಅವನಕ್ಕನ ಮೂಗೇ. ಅದನ್ನು ನೋಡಿಕೊಂಡು ಮಾತಾಡುವುದು ಕಷ್ಟ.

ಹೋದೆ. ಮಿಷಿನ್ ತುಳಿಯುತ್ತಿದ್ದವನು ತಲೆ ಎತ್ತಿ, “ಬಂದ್ರಾ ಭಾವ? ಪ್ಯಾಂಟ್ ಬಿಗಿ ಆಯ್ತಾ, ಲೂಸ್ ಆಯ್ತಾ?” ಅಂದ. ಎರಡು ವರ್ಷದ ಮೇಲೆ ಬಂದವನಿಗೆ ಇದು ಸ್ವಾಗತ! ಚಹಾ ತರಿಸಿದ. ನಿಮ್ಮ ಪತ್ರವನ್ನೂ ನನ್ನ ಪತ್ರದ ನಕಲನ್ನೂ ಕೊಟ್ಟೆ. ಕನ್ನಡಕ ಹಣೆಗೇರಿಸಿ ಎರಡನ್ನೂ ಓದಿದ. ಆಮೇಲೆ ಮೂಲೆಯಲ್ಲಿದ್ದ ದುಂಡು ದಿಂಬು ತಂದು ಕತ್ತರಿಸುವ ಮೇಜಿನ ಮೇಲೆ ಹಾಕಿ, “ತಗೊಳ್ಳಿ, ಇದೇ ನಿಮ್ಮ ಶಾರ್ಕು. ಅಳತೆ ಹಾಕಿ,” ಅಂದ.

ಹಾಕಿದೆ. ತುದಿಯಿಂದ ತುದಿಗೆ, ಮೇಲಿನಿಂದ, ಮೈಗೆ ಅಂಟಿಸಿ. ತೊಂಬತ್ತೇಳು.

“ಭಾವ, ಇದು ಶರ್ಟು ಹೊಲಿಯೋ ಅಳತೆ. ಶಾರ್ಕಿಗೆ ಶರ್ಟು ಹೊಲಿಸ್ತೀರಾ?” ಅಂದ. ಟೇಪನ್ನು ಕಿತ್ತುಕೊಂಡು ಮೇಜಿನ ಮೇಲೆ ಹಾಸಿ, ದಿಂಬನ್ನು ಅದರ ಮೇಲಿಟ್ಟ. ತೊಂಬತ್ತೊಂದು. “ಮೈಗೆ ಬೇಕಾದರೆ ಮೈಮೇಲೆ ಎಳೀಬೇಕು, ಉದ್ದ ಬೇಕಾದರೆ ಟೇಪು ಕೆಳಗೆ ಹಾಸ್ಬೇಕು. ಅಕ್ಕಂಗೆ ಇದೇ ಮೇಜಿನ ಮೇಲೆ ಹೇಳಿಕೊಟ್ಟಿದ್ದೆ. ‘ಒದ್ದಾಡೋ ವಸ್ತುನ ಹೇಗೋ ಅಳೆಯೋದು?’ ಅಂತ ಕೇಳಿಕೊಂಡು ಬಂದಿದ್ದಳು. ಟೇಪು ಮೊದಲು ಹಾಸು, ಆಮೇಲೆ ಅದನ್ನ ಅದರ ಮೇಲೆ ಮಲಗಿಸು ಅಂದೆ. ಟೇಪು ಕೊಟ್ಟು ಕಳಿಸಿದ್ದೂ ಆವತ್ತೇ.”

“ಅವಳು ಯಾವತ್ತೂ ಹಾಗೆ ಮಾಡಲಿಲ್ಲ,” ಅಂದೆ ನಾನು.

“ನೀವು ನೋಡಿದ್ರಾ?”

ಮೇಡಂ, ನಾನು ನೋಡಿರಲಿಲ್ಲ. ಅದೇ ವಿಷಯ. ನಾನು ತಲೆ ಕಡೆ ಬಗ್ಗಿರುತ್ತಿದ್ದೆ. ನನ್ನ ಕಣ್ಣೆಲ್ಲ ಹಲ್ಲು, ಕೊಕ್ಕೆ, ಪೈಪಿನ ಮೇಲೆ. ಬಾಲದ ಕಡೆಯಿಂದ “ನೂರ ಹದಿನೆಂಟು!” ಅಂತ ಕೂಗು ಬರುತ್ತಿತ್ತು, ನಾನು ಸೂಜಿ ಹಾಕುತ್ತಿದ್ದೆ. ಅವಳು ಟೇಪನ್ನು ಮೇಲೆ ಎಳೆದಳೋ ಕೆಳಗೆ ಹಾಸಿದಳೋ, ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ನಿಮಗೆ ಬರೆದ ಆ ದೊಡ್ಡ ಪಾಠ ಇದೆಯಲ್ಲ, ಅದು ನಾನು ಒಬ್ಬನೇ ಮಾಡುವ ಕೆಲಸ. ಅವಳೂ ಹಾಗೇ ಮಾಡಿದ್ದಳೆಂದು ನನ್ನ ಪಾಡಿಗೆ ನಾನೇ ತೀರ್ಮಾನ ಮಾಡಿಕೊಂಡೆ.

ಈಗ ಅಸಲಿಗೆ ಬರುತ್ತೇನೆ. ಟು ಬಿ ಫ್ರಾಂಕ್, ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷ ಐದು ತಿಂಗಳಾಯಿತು. ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ತಿಂಗಳು ಕಳೆದ ಮೇಲೆ ನಾನು ಒಬ್ಬನೇ ದೋಣಿ ತೆಗೆದೆ. ಮೊದಲ ಶಾರ್ಕಿಗೆ ಟ್ಯಾಗ್ ಹಾಕಿ ಕಾರ್ಡು ಬರೆದಾಗ ಬಾಲದ ಕಡೆಯ ಚೌಕ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ನೀವು ಕಾರ್ಡು ವಾಪಸ್ ಕಳಿಸುತ್ತೀರಿ; ಇಬ್ಬರಿಲ್ಲದೆ ಶಾರ್ಕು ಹಿಡಿಯಬಾರದು ಅನ್ನುವುದು ನಿಯಮ. ಆದರೆ ಅದು ನೆಪ. ನಿಜ ಏನೆಂದರೆ ಆ ಚೌಕ ಖಾಲಿ ಇರುವುದನ್ನು ನೋಡಲು ಆಗಲಿಲ್ಲ. ಅವಳ ಸಹಿ ಹಾಕಿದೆ. ಅವಳು ಹಾಕುವ ಹಾಗೆಯೇ, ಕೊನೆಯಲ್ಲೊಂದು ಸುರುಳಿ. ಹೀಗೆ ಐವತ್ತೆರಡು ಕಾರ್ಡು. ಕಾನೂನಿನಲ್ಲಿ ಇದಕ್ಕೆ ಫೋರ್ಜರಿ ಅನ್ನುತ್ತಾರೆ, ಆ ಪದ ಮರೆತಿಲ್ಲ.

ನಿಮ್ಮ ನಮಸ್ಕಾರವನ್ನು ತಿಳಿಸಿದ್ದೇನೆ ಅಂತ ಬರೆದದ್ದು ಮಾತ್ರ ಸುಳ್ಳಲ್ಲ. ಗೋಡೆಯ ಫೋಟೋಕ್ಕೆ ಹೇಳಿದ್ದೆ.

ಆದ್ದರಿಂದ ಕಮಿಟಿಯವರಿಗೆ ಹೀಗೆ ಹೇಳಿ. ಮೊದಲ ಮುನ್ನೂರ ತೊಂಬತ್ತೊಂದು ಕಾರ್ಡು ಅವಳು ಅಳೆದವು. ಟೇಪು ಕೆಳಗೆ, ಮೀನು ಮೇಲೆ. ಅವು ನೇರ, ಅವನ್ನು ಮುಟ್ಟಬೇಡಿ. ಆಮೇಲಿನ ಐವತ್ತೆರಡು ನನ್ನವು. ಅವನ್ನು ಹೊಡೆದುಹಾಕಿ, ಇಂಕು ಸಾಲದಿದ್ದರೆ ನಾನೇ ಕಳಿಸುತ್ತೇನೆ. ಉಳಿದಿದ್ದ ಎರಡು ಟ್ಯಾಗುಗಳನ್ನೂ ಇದರ ಜೊತೆ ವಾಪಸ್ ಇಟ್ಟಿದ್ದೇನೆ. ನನ್ನ ಹೆಸರು ಪಟ್ಟಿಯಿಂದ ತೆಗೆದರೂ ನಾನು ತಕರಾರು ಮಾಡುವವನಲ್ಲ. ಅವಳ ಹೆಸರು ತೆಗೆದರೆ ಮಾಡುತ್ತೇನೆ. ನಿಮ್ಮ ಆಫೀಸಿಗೆ ಲಿಫ್ಟ್ ಇದ್ದೇ ಇರುತ್ತದೆ. ಇಲ್ಲದಿದ್ದರೂ ಮೆಟ್ಟಿಲು ಹತ್ತಿ ಬರುತ್ತೇನೆ.

ಇತಿ,
ತಲೆ ಕಡೆಯವನು

*

ಮೇ 4

ಹಿರಿಯರೇ,

ನಿಮ್ಮ ಪತ್ರವನ್ನು ಇಲ್ಲಿ ಕಿಟಕಿ ಪಕ್ಕ ನಿಂತು ಓದಿದೆ. ಅವರಿಗೆ ಹೇಳಿ, ಅವರಿಗೆ ನಮಸ್ಕಾರ ಎಂದು ನಾನು ಎರಡು ಪತ್ರಗಳಲ್ಲಿ ಬರೆದಿದ್ದೆನಲ್ಲ, ಅದನ್ನು ಮರೆತುಬಿಡಿ. ನನಗೆ ಗೊತ್ತಿರಲಿಲ್ಲ.

ಸಭೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ ಅಧ್ಯಕ್ಷರು, “ಮಾರ್ಚಿನಲ್ಲಿ ಹೀಗೆ ಅಂದರು, ಏಪ್ರಿಲಿನಲ್ಲಿ ಹಾಗೆ ಅನ್ನುತ್ತಾರೆ, ಯಾವುದನ್ನು ನಂಬೋಣ?” ಎಂದರು. ಅವರು ಕೇಳುವುದು ನ್ಯಾಯವೇ. ಅದನ್ನು ಊಹಿಸಿಯೇ ನಾನು ಹಿಂದಿನ ವಾರ ಪೆಟ್ಟಿಗೆಗಳನ್ನು ಇಳಿಸಿ ನಿಮ್ಮ ಕಾರ್ಡುಗಳ ಬೆನ್ನುಗಳನ್ನೆಲ್ಲ ಒಂದೊಂದಾಗಿ ಮತ್ತೆ ಓದಿದ್ದೆ. ಒಂಬತ್ತನೇ ಕಾರ್ಡು, ಮೊದಲ ವರ್ಷದ್ದು, ಕಂಪ್ಯೂಟರಿಗೆ ಏರಿಸುವಾಗ ನಾನು ಓದಿ ಮರೆತದ್ದು, ಅದರ ಹಿಂಬದಿ ಹೀಗಿದೆ:

‘ಟೇಪು ಮೊದಲು ಹಲಗೆಯ ಮೇಲೆ, ಆಮೇಲೆ ಅದರ ಮೇಲೆ ಮೀನು. ತಮ್ಮ ಹೇಳಿಕೊಟ್ಟದ್ದು. ಇವರಿಗೆ ಹೇಳಿಲ್ಲ. ಹೇಳಿದರೆ ನಾಳೆಯಿಂದ ಇವರು ಅದನ್ನೇ ನನಗೆ ಹೇಳಿಕೊಡಲು ಶುರು ಮಾಡುತ್ತಾರೆ.’

ಅಧ್ಯಕ್ಷರು ಇದನ್ನು ಗಟ್ಟಿಯಾಗಿ ಓದಿದರು. ಮದುವೆಯಾಗಿ ಮೂವತ್ತು ವರ್ಷ ಕಳೆದ ಇಬ್ಬರು ಸದಸ್ಯರು ನಕ್ಕರು. ಹಳೆಯ ಕಾರ್ಡುಗಳ ಶಾರ್ಕುಗಳಲ್ಲಿ ಮತ್ತೆ ಸಿಕ್ಕಿದ ಇಪ್ಪತ್ತಾರರ ಬೆಳವಣಿಗೆ ಸರಿಯಾಗಿರುವುದನ್ನೂ ತೋರಿಸಿದೆ. ಮುನ್ನೂರ ತೊಂಬತ್ತೊಂದು ಕಾರ್ಡುಗಳು ಪಟ್ಟಿಯಲ್ಲಿ ಉಳಿದವು. ಕೊಲ್ಲಿಯ ತಡೆ ಇನ್ನೂ ಐದು ವರ್ಷ ಮುಂದುವರಿಯುತ್ತದೆ.

ಐವತ್ತೆರಡನ್ನು ಹೊಡೆದುಹಾಕಿಲ್ಲ, ಬದಿಗಿಟ್ಟಿದ್ದಾರೆ. ನೀವು ಪ್ರತಿ ಸಲವೂ ಒಂದೇ ರೀತಿ ತಪ್ಪು ಮಾಡಿದ್ದೀರಿ, ಅದು ಒಳ್ಳೆಯದಾಯಿತು; ಒಂದೇ ಥರದ ತಪ್ಪನ್ನು ತಿದ್ದಬಹುದು. ಇಪ್ಪತ್ತು ಶಾರ್ಕುಗಳನ್ನು ಎರಡೂ ರೀತಿಯಲ್ಲಿ ಅಳೆದು ಕಳಿಸಿದರೆ, ಮೇಲಿನಿಂದ ಅಳೆದರೆ ಎಷ್ಟು ಹೆಚ್ಚು ಬರುತ್ತದೆಂದು ಲೆಕ್ಕ ಸಿಗುತ್ತದೆ. ಅಷ್ಟನ್ನು ಕಳೆದು ಐವತ್ತೆರಡನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಇಬ್ಬರು ಇರಲೇಬೇಕು, ಎರಡು ಸಹಿ, ಇಬ್ಬರೂ ದೋಣಿಯಲ್ಲಿ ಇದ್ದವರೇ. ನಿಮಗೆ ಎಚ್ಚರಿಕೆ ಪತ್ರವೊಂದನ್ನು ಬೇರೆಯಾಗಿ ಕಳಿಸಲು ಹೇಳಿದ್ದಾರೆ. ಅದು ಈ ಲಕೋಟೆಯಲ್ಲೇ ಇದೆ. ಇಪ್ಪತ್ತು ಟ್ಯಾಗುಗಳೂ ಇವೆ.

ಇನ್ನು ನನ್ನದೊಂದು ಮಾತು. ನಾನು ಈ ಕಚೇರಿಯಲ್ಲಿದ್ದೂ ಒಂದು ಶಾರ್ಕನ್ನೂ ನೋಡಿದವಳಲ್ಲ. ನನಗೆ ಗೊತ್ತಿರುವ ಶಾರ್ಕುಗಳೆಲ್ಲ ಅವರು ಬರೆದವು. ಕಾರ್ಡುಗಳ ಬೆನ್ನುಗಳ ನಕಲು ತೆಗೆದು ಕಳಿಸುತ್ತಿದ್ದೇನೆ, ಮುನ್ನೂರ ತೊಂಬತ್ತೊಂದೂ. ಅರವತ್ಮೂರನೆಯದನ್ನು ಓದಿ, ಮೊದಲು ಅದನ್ನೇ: ‘ಹೆಣ್ಣು. ನನ್ನ ಚಪ್ಪಲಿಯನ್ನು ನೀರಿಗೆ ತಳ್ಳಿತು. ಯಾರಿಗಾದರೂ ಸಿಕ್ಕಿದರೆ ತಿಳಿಸಿ, ಚಪ್ಪಲಿಗೆ ಟ್ಯಾಗ್ ಹಾಕಿರಲಿಲ್ಲ.’

ಮುನ್ನೂರ ತೊಂಬತ್ತೊಂದನೆಯದನ್ನು ಕಳಿಸಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅದು ನಿಮ್ಮದು, ಇಟ್ಟುಕೊಳ್ಳಲು ನಾನು ಯಾರು? ಎಲ್ಲಕ್ಕಿಂತ ಕೆಳಗೆ ಇದೆ.

ನಿಮ್ಮ
ದಾಖಲೆ ವಿಭಾಗದವಳು

*

ಜೂನ್ 19

ದಾಖಲೆ ವಿಭಾಗದ ತಾಯಿಗೆ,

ಇಪ್ಪತ್ತು ಕಾರ್ಡು ಇಟ್ಟಿದ್ದೇನೆ. ಒಂದೊಂದರಲ್ಲೂ ಎರಡು ಅಳತೆ, ಎರಡು ಸಹಿ. ಬೇಕಾದರೆ ಭೂತಗನ್ನಡಿ ಹಿಡಿದು ನೋಡಿ, ಸಹಿಗಳು ಇಬ್ಬರು ಜೀವಂತ ಮನುಷ್ಯರವು. ಒಬ್ಬ ಮಾತ್ರ ಪ್ರತಿ ಸಲವೂ ಅರ್ಧ ಜೀವಂತ.

ಅವನೇ ನನ್ನ ಭಾಮೈದ. “ದೋಣಿ ಹತ್ತು,” ಅಂದಾಗ, “ಭಾವ, ನನಗೆ ಸ್ನಾನದ ಬಕೆಟ್ ನೋಡಿದ್ರೇ ತಲೆ ತಿರುಗುತ್ತೆ,” ಅಂದ. “ನಿಮ್ಮಕ್ಕನ ಕಾರ್ಡಿಗಲ್ಲ, ನನ್ನ ಐವತ್ತೆರಡು ಕಾರ್ಡಿಗೆ ಬಾ,” ಅಂದೆ. ಕತ್ತರಿ ಕೆಳಗಿಟ್ಟ. ಅಂಗಡಿಗೆ ‘ಅಳತೆಗೆ ಹೋಗಿದ್ದೇನೆ’ ಅಂತ ಬೋರ್ಡು ಹಾಕಿ ಬಂದ. ಮೊದಲ ದಿನ ಅರ್ಧ ಗಂಟೆ ದೋಣಿಯ ಅಂಚಿಗೆ ಜೋತುಬಿದ್ದು, “ನಿಮ್ಮನ್ನ ಕಟ್ಟಿಕೊಂಡ ಅಕ್ಕನ ತಾಳ್ಮೆ ಈಗ ಅರ್ಥ ಆಯ್ತು,” ಅಂತ ಸಮುದ್ರಕ್ಕೆ ಹೇಳಿದ. ಸಮುದ್ರ ಬೇರೇನನ್ನೋ ಅವನಿಂದ ತೆಗೆದುಕೊಂಡಿತು, ಬರೆಯುವುದು ಬೇಡ. ಐದು ವಾರ ಹತ್ತಿತು. ಪ್ರತಿ ಸಲವೂ ಇನ್ನು ಬರಲ್ಲ ಅನ್ನುತ್ತಾ ಇಳಿದ, ಮರುವಾರ ನನಗಿಂತ ಮೊದಲೇ ಬಂದು ದೋಣಿಯ ಪಕ್ಕ ನಿಂತಿದ್ದ.

ನಕಲುಗಳನ್ನು ಓದುತ್ತಿದ್ದೇನೆ, ದಿನಕ್ಕೆ ನಾಲ್ಕು. ಹೆಚ್ಚು ಓದಿದರೆ ಬೇಗ ಮುಗಿದುಹೋಗುತ್ತದೆ. ನನ್ನ ಬಗ್ಗೆ ಇರುವವುಗಳ ಮೇಲೆ ಸಣ್ಣ ಗುರುತು ಹಾಕುತ್ತಿದ್ದೇನೆ. ಇಷ್ಟು ಹೊತ್ತಿಗೆ ತೊಂಬತ್ತಾರು ಗುರುತು. ಶಾರ್ಕುಗಳಿಗಿಂತ ನಾನೇ ಜಾಸ್ತಿ ಇದ್ದೇನೆ, ಈ ಯೋಜನೆ ಯಾವುದನ್ನು ಉಳಿಸಲು ಅಂತ ಒಂದೊಂದು ಸಲ ಅನುಮಾನ ಬರುತ್ತದೆ.

ಎಲ್ಲಕ್ಕಿಂತ ಕೆಳಗಿದ್ದದ್ದನ್ನು ಮಾತ್ರ ಮೊದಲ ದಿನವೇ ಓದಿದೆ. ‘ಇವತ್ತು ಬೇಗ ಸುಸ್ತು. ಮೀನಿಗಲ್ಲ.’ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಗಾಳಿ ಸರಿಯಾಗಿತ್ತು, ನಾಲ್ಕು ಶಾರ್ಕು ಹಿಡಿದೆವು. ನಾನು ದಾರಿಯುದ್ದಕ್ಕೂ ನನ್ನ ವೇಗದ ಬಗ್ಗೆ ಮಾತಾಡಿಕೊಂಡು ಬಂದೆ. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮ ಕಮಿಟಿಗೆ ಹೇಳಿದಳು, ನನಗೆ ಹೇಳಲಿಲ್ಲ. ನಾನು ತಲೆ ಎತ್ತುವವನಲ್ಲ ಅಂತ ಅವಳಿಗೆ ಗೊತ್ತಿತ್ತು. ಇದನ್ನು ಕಳಿಸಿದ್ದು ಸರಿ. ನಿಮ್ಮಲ್ಲೇ ಇಟ್ಟುಕೊಂಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ, ಗೊತ್ತಾಗುತ್ತಿತ್ತೋ ಇಲ್ಲವೋ ಬೇರೆ ಮಾತು.

ಕೊನೆಯ ಕಾರ್ಡಿನ ವಿಷಯ, ಅದೇ ಇಪ್ಪತ್ತನೆಯದು. ಅಷ್ಟು ಹೊತ್ತಿಗೆ ಭಾಮೈದನಿಗೆ ಧೈರ್ಯ ಬಂದಿತ್ತು. “ಭಾವ, ಇದೊಂದಕ್ಕೆ ತಲೆ ಕಡೆ ನಾನು ಕೂರ್ತೀನಿ. ಹಲ್ಲು ನೋಡಬೇಕು,” ಅಂದ. ಸರಿ ಅಂತ ಪೈಪು ಅವನ ಕೈಗೆ ಕೊಟ್ಟೆ, ನಾನು ಆ ಕಡೆಗೆ ಹೋದೆ. ಹದಿನಾರು ವರ್ಷದಲ್ಲಿ ಇಬ್ಬರಿದ್ದಾಗ ನಾನು ಆ ತುದಿಗೆ ಹೋಗಿ ಕೂತದ್ದು ಅದೇ ಮೊದಲು. ಟೇಪು ಹಾಸಿದೆ. ಮೀನನ್ನು ಮಲಗಿಸಿದೆವು. ಬಾಲ ಹಿಡಿದೆ, ಮರಳು ಕಾಗದದ ಹಾಗೆ ಒರಟು, ಹಿಡಿತದಲ್ಲಿ ಒಂದೇ ಸಮ ನಡುಗುತ್ತಿತ್ತು. ಅವಳ ಅಂಗೈ ಯಾಕೆ ಯಾವಾಗಲೂ ತರಚಿರುತ್ತಿತ್ತು ಅಂತ ಆಗ ತಿಳಿಯಿತು. ಬಟ್ಟೆ ಒಗೆಯುವ ಸೋಪಿನದು ಅಂದುಕೊಂಡಿದ್ದೆ.

ತುದಿ ಓದಿ, “ನೂರ ಹದಿನೆಂಟು!” ಅಂತ ಕೂಗಿದೆ. ಆಮೇಲೆ ನನ್ನ ಹಳೆಯ ರೀತಿಯಲ್ಲಿ ಮೇಲಿನಿಂದಲೂ ಅಳೆದೆ, ನೂರ ಇಪ್ಪತ್ತನಾಲ್ಕು. ಸೂಜಿ ಹಾಕಿದ, ಬಿಟ್ಟೆವು, ಹೋಯಿತು. ಮನೆಗೆ ಬಂದು ಕಾರ್ಡು ಬರೆದೆ. ತಲೆ ಕಡೆ ಅವನ ಸಹಿ, ಬಾಲದ ಕಡೆ ನನ್ನದು, ಸುರುಳಿ ಇಲ್ಲದ್ದು. ಬೆನ್ನಿನ ಮೇಲೆ ನಾನೂ ಒಂದೆರಡು ಸಾಲು ಬರೆದಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಜಾಗವಿಲ್ಲ ಅಂತ ಗೊತ್ತು. ಸುಮ್ಮನೆ ಓದಿಕೊಳ್ಳಿ:

‘ಟೇಪು ಕೆಳಗೆ, ಮೀನು ಮೇಲೆ. ಬಾಲದ ಕಡೆ ಕೂತವರಿಗೆ ಎದುರಿಗೆ ಕಾಣುವುದು ಶಾರ್ಕಲ್ಲ, ತಲೆ ಕಡೆ ಬಗ್ಗಿಕೊಂಡು ಮಾತಾಡುತ್ತಲೇ ಇರುವವನ ಬೋಳುನೆತ್ತಿ. ಹದಿನಾಲ್ಕು ವರ್ಷ ಅದನ್ನು ನೋಡಿಕೊಂಡೂ ಅವಳ ಅಳತೆ ತಪ್ಪಲಿಲ್ಲ.’

ಇತಿ ನಿಮ್ಮ
ಬಾಲದ ಕಡೆಯವನು